ಐಸ್ ಹಾಕಿಗೆ ಎಂಟು ಗುಂಟೆ ನೆಲ

ಸೊರಬದಲ್ಲಿ ಐಸ್ ಅಂದರೆ ಘಟ್ಟ ಹತ್ತಿ ಬರುವ ಮೀನಿನ ಪೆಟ್ಟಿಗೆಯ ಪುಡಿ ಐಸು, ಇಲ್ಲವೇ ಜಾತ್ರೆಯಲ್ಲಿ ಸಿಗುವ ಬಣ್ಣದ ಐಸ್ ಕ್ಯಾಂಡಿ. ಡಿಸೆಂಬರಿನ ಚಳಿಯಲ್ಲೂ ಇಲ್ಲಿನ ಕೆರೆಗಳ ಮೇಲೆ ಮಂಜು ಮುಸುಕುತ್ತದೆಯೇ ಹೊರತು ನೀರು ಗಟ್ಟಿಯಾಗುವುದಿಲ್ಲ. ಇಂಥ ಊರಿನ ಮಗುವೊಂದು ಮೊಬೈಲಿನಲ್ಲಿ ಐಸ್ ಹಾಕಿ ನೋಡಿ, “ಅಪ್ಪಾ, ನಾನೂ ಇದನ್ನ ಕಲೀತೀನಿ” ಅಂದರೆ ಮನೆಮಂದಿ ನಗುತ್ತಾರೆ. “ಮೊದ್ಲು ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕೋದು ಕಲಿ” ಎಂದು ಅಜ್ಜಿಯೂ ಒಂದು ಮಾತು ಸೇರಿಸಬಹುದು. ನಗಲಿ, ತಪ್ಪಿಲ್ಲ. ಆದರೆ ಆ ಮಗುವಿನ ಆಸೆ ಕೇಳಿದಷ್ಟು ಅಸಂಬದ್ಧವಲ್ಲ. ಈ ಆಟದ ಮೊದಲ ಎರಡು ಮೂರು ವರ್ಷದ ಪಾಠದಲ್ಲಿ ಬಹುಪಾಲನ್ನು ನುಣ್ಣಗಿನ ಸಿಮೆಂಟು ನೆಲದ ಮೇಲೆ, ಚಕ್ರದ ಬೂಟು ಕಟ್ಟಿಕೊಂಡು ಕಲಿಯಬಹುದು. ಶಿಕಾರಿಪುರ, ಸೊರಬಗಳಲ್ಲಿ ಅಂಥದ್ದೊಂದು ನೆಲ ಮಾಡುವುದು ಕಷ್ಟವೂ ಅಲ್ಲ. ಮಾಡಬೇಕು ಎಂಬುದೇ ಈ ಲೇಖನದ ವಾದ.

ಆಟ ನೋಡದವರಿಗೆ ನಾಲ್ಕು ಮಾತು. ಅಂತರರಾಷ್ಟ್ರೀಯ ಅಳತೆಯ ರಿಂಕ್ 60 ಮೀಟರ್ ಉದ್ದ, 26ರಿಂದ 30 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹದಿನೈದರಿಂದ ಹದಿನೆಂಟು ಗುಂಟೆ. ಸುತ್ತ ಗೋಡೆಯಂತೆ ಹಲಗೆ, ಮೂಲೆಗಳು ದುಂಡಗೆ. ಗೋಲ್‌ಕೀಪರ್ ಸೇರಿ ಒಂದು ತಂಡದಲ್ಲಿ ಆರು ಮಂದಿ, 20 ನಿಮಿಷದ ಮೂರು ಅವಧಿ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ, ಅದಕ್ಕೆ ಪಕ್ ಎನ್ನುತ್ತಾರೆ. ಅದರ ತೂಕ 156ರಿಂದ 170 ಗ್ರಾಂ. ಕ್ರಿಕೆಟ್ ಚೆಂಡೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ, ನಮ್ಮ ಮೈದಾನದ ಹಾಕಿಯ ಚೆಂಡೂ ಅಷ್ಟೇ. ವೇಗ ಮಾತ್ರ ಬೇರೆ. ಶೋಯೆಬ್ ಅಖ್ತರ್ ಎಸೆದ ದಾಖಲೆಯ ಚೆಂಡು ಗಂಟೆಗೆ 161 ಕಿ.ಮೀ. ವೇಗದಲ್ಲಿತ್ತು. ಸ್ಲೊವಾಕಿಯಾದ ಝ್ಡೆನೊ ಖಾರಾ 2012ರಲ್ಲಿ ಹೊಡೆದ ಪಕ್ 175 ಕಿ.ಮೀ. ದಾಟಿತು. ಆಟಗಾರ ಒಂದು ಸಲಕ್ಕೆ ಅಂಗಳದಲ್ಲಿ ಇರುವುದು ಮುಕ್ಕಾಲು ನಿಮಿಷದಷ್ಟು ಮಾತ್ರ. ಕಬಡ್ಡಿಯ ರೈಡಿಗೆ 30 ಸೆಕೆಂಡು ಇದ್ದಂತೆ, ಆ ಮುಕ್ಕಾಲು ನಿಮಿಷದಲ್ಲಿ ಮೈಯಲ್ಲಿದ್ದ ಕಸುವನ್ನೆಲ್ಲ ಸುರಿದು ಬೆಂಚಿಗೆ ಮರಳಬೇಕು, ಅವನ ಜಾಗಕ್ಕೆ ಇನ್ನೊಬ್ಬ ಜಿಗಿಯುತ್ತಾನೆ. ಆಫ್‌ಸೈಡ್, ಐಸಿಂಗ್ ಮುಂತಾದ ನಿಯಮಗಳನ್ನು ನಾಲ್ಕು ಪಂದ್ಯ ನೋಡಿದರೆ ಕಲಿಯಬಹುದು. ಅವಕ್ಕಾಗಿ ಇಲ್ಲಿ ಜಾಗ ಖರ್ಚು ಮಾಡುವುದಿಲ್ಲ.

ಬಿಸಿಲ ನಾಡಿನಿಂದ ಹೋದವರು

ಹಿಮವಿಲ್ಲದ ಊರಿನವರು ಹಿಮದ ಆಟದಲ್ಲಿ ಮೇಲೆ ಬಂದದ್ದು ಉಂಟೇ ಎಂದು ಕೇಳುವವರಿಗೆ ಫ್ಲೋರಿಡಾದ ಎರಿನ್ ಜಾಕ್ಸನ್ ಅವರನ್ನು ತೋರಿಸಬೇಕು. ಒಕಾಲ ಎಂಬ ಬಿಸಿಲೂರಿನ ಹುಡುಗಿ, ಇನ್‌ಲೈನ್ ಸ್ಕೇಟ್ ಅಂದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಬೂಟಿನ ಮೇಲೆ ಬೆಳೆದವರು. ಐಸ್ ಮೇಲೆ ಪೂರ್ತಿ ಅಭ್ಯಾಸಕ್ಕಿಳಿದ ಕೆಲವೇ ತಿಂಗಳಲ್ಲಿ 2018ರ ಚಳಿಗಾಲದ ಒಲಿಂಪಿಕ್ಸ್ ತಂಡ ಸೇರಿದರು. 2022ರಲ್ಲಿ ಬೀಜಿಂಗ್‌ನಲ್ಲಿ 500 ಮೀಟರ್ ಸ್ಪೀಡ್ ಸ್ಕೇಟಿಂಗ್ ಚಿನ್ನ ಗೆದ್ದರು. ಅವರಿಗೂ ಮೊದಲು ಟೆಕ್ಸಾಸ್‌ನ ಚಾಡ್ ಹೆಡ್ರಿಕ್ ಚಕ್ರದ ಮೇಲೆ ವಿಶ್ವ ಚಾಂಪಿಯನ್ ಆಗಿ, ನಂತರ ಬ್ಲೇಡಿಗೆ ಬದಲಾಯಿಸಿಕೊಂಡು 2006ರ ಟೊರಿನೊ ಒಲಿಂಪಿಕ್ಸ್‌ನಲ್ಲಿ 5000 ಮೀಟರ್ ಗೆದ್ದಿದ್ದರು.

ಇದು ಓಟದ ಸ್ಕೇಟಿಂಗ್ ಆಯಿತು, ಹಾಕಿಯ ಮಾತೇನು ಅನ್ನಬಹುದು. ಇಂದಿನ ದೊಡ್ಡ ಗೋಲುಗಾರರಲ್ಲಿ ಒಬ್ಬರಾದ ಆಸ್ಟನ್ ಮ್ಯಾಥ್ಯೂಸ್ ಬೆಳೆದದ್ದು ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ. 1996ರಲ್ಲಿ ಕೆನಡಾದ ವಿನಿಪೆಗ್ ನಗರದ ವೃತ್ತಿಪರ ತಂಡವೊಂದು ಅಲ್ಲಿನ ಫೀನಿಕ್ಸ್‌ಗೆ ಸ್ಥಳಾಂತರವಾಯಿತು. ಅದರ ಪಂದ್ಯ ನೋಡಿದ ಮಕ್ಕಳಲ್ಲಿ ಈತನೂ ಒಬ್ಬ. ಅಲ್ಲಿ ಪೂರ್ತಿ ಅಳತೆಯ ರಿಂಕ್‌ನಲ್ಲಿ ಸಮಯ ಸಿಗುವುದು ಕಷ್ಟ. ಹಾಗಾಗಿ ಪುಟ್ಟ ರಿಂಕ್‌ನಲ್ಲಿ, ಒಂದು ಕಡೆಗೆ ಮೂವರಂತೆ ಆಡುತ್ತ ಬೆಳೆದ. ಜಾಗ ಕಡಿಮೆ ಇದ್ದದ್ದೇ ಅವನ ಕೈಚಳಕಕ್ಕೆ ಕಾರಣವಾಯಿತು ಎನ್ನುವವರಿದ್ದಾರೆ. 2016ರ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಅಂದರೆ ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಹೊಸಬರನ್ನು ಆರಿಸುವಾಗ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಅವನೇ.

ಏಷ್ಯಾದ ಕಡೆಗೂ ನೋಡೋಣ. ಫಿಲಿಪ್ಪೀನ್ಸ್‌ನಲ್ಲಿ ಹಿಮ ಬೀಳುವುದಿಲ್ಲ. ಮನಿಲಾದ ಮಾಲ್‌ಗಳೊಳಗಿನ ರಿಂಕ್‌ಗಳಲ್ಲಿ ಕಲಿತ ಅವರ ತಂಡ 2017ರ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಐಸ್ ಹಾಕಿ ಚಿನ್ನ ಗೆದ್ದಿತು. ನಮ್ಮ ಪಕ್ಕದ ಚೆನ್ನೈಯ ಆನಂದಕುಮಾರ್ ವೇಲ್ಕುಮಾರ್ 2025ರಲ್ಲಿ ಚೀನಾದ ಬೈದೈಹೆಯಲ್ಲಿ ಚಕ್ರದ ಸ್ಪೀಡ್ ಸ್ಕೇಟಿಂಗ್ ವಿಶ್ವ ಚಾಂಪಿಯನ್ ಆದರು, 1000 ಮೀಟರ್‌ನಲ್ಲೂ 42 ಕಿ.ಮೀ. ಮ್ಯಾರಥಾನ್‌ನಲ್ಲೂ. ವಡೋದರಾದ ವಿಶ್ವರಾಜ್ ಜಡೇಜ ಚಕ್ರದಿಂದ ಶುರುಮಾಡಿ, ನೆದರ್‌ಲೆಂಡ್ಸ್‌ಗೆ ಹೋಗಿ ಐಸ್ ಸ್ಪೀಡ್ ಸ್ಕೇಟಿಂಗ್ ಕಲಿತು ಭಾರತವನ್ನು ಪ್ರತಿನಿಧಿಸಿದರು.

ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟ 2020ರಲ್ಲಿ ಶುರುವಾಯಿತು. ಅದರ 2024ರ ಪದಕಪಟ್ಟಿಯಲ್ಲಿ ಸೇನೆಯ ನಂತರದ ಎರಡನೇ ಸ್ಥಾನ ಕರ್ನಾಟಕದ್ದು. ಹಿಮವೇ ಬೀಳದ ರಾಜ್ಯ, ಹಿಮಾಲಯದ ರಾಜ್ಯಗಳನ್ನು ಹಿಂದೆ ಹಾಕಿತ್ತು! ಆ ಸಾಧನೆಯಲ್ಲಿ ದೊಡ್ಡ ಪಾಲು ಸ್ಕೀಯಿಂಗ್‌ನದು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಇಲ್ಲಿ ಬರಬೇಕು. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಅವರು ದೇಶವನ್ನು ಪ್ರತಿನಿಧಿಸಿದ್ದಾರೆ. ಆ ಕ್ರೀಡೆಯವರೂ ಹಿಮವಿಲ್ಲದ ತಿಂಗಳುಗಳಲ್ಲಿ ಏನು ಮಾಡುತ್ತಾರೆ ಗೊತ್ತೆ? ಚಕ್ರ ಕಟ್ಟಿದ ಸ್ಕೀ ಹಾಕಿಕೊಂಡು ಡಾಂಬರು ರಸ್ತೆಯ ಮೇಲೆ ಓಡುತ್ತಾರೆ. ನಾರ್ವೆಯವರೂ ಹಾಗೆಯೇ ಮಾಡುತ್ತಾರೆ. ಲೇಹ್‌ನಲ್ಲಿ ನಡೆಯುವ ಐಸ್ ಸ್ಕೇಟಿಂಗ್ ಸ್ಪರ್ಧೆಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣದ ಮಕ್ಕಳು ಪದಕ ಗೆಲ್ಲುತ್ತಿರುವುದರ ಗುಟ್ಟೂ ಬಹುಮಟ್ಟಿಗೆ ಊರಿನ ಚಕ್ರದ ಸ್ಕೇಟಿಂಗ್ ಅಂಗಳಗಳಲ್ಲೇ ಇದೆ.

ಲಡಾಖ್ ಕಲಿಸಿದ್ದು

ಭಾರತದಲ್ಲಿ ಐಸ್ ಹಾಕಿಯ ತವರು ಲಡಾಖ್. ಶಿಮ್ಲಾದಲ್ಲಿ 1920ರಿಂದಲೇ ನೈಸರ್ಗಿಕ ಹಿಮದ ಸ್ಕೇಟಿಂಗ್ ಅಂಗಳ ಇದ್ದರೂ ಆಟವನ್ನು ಮೈಗೂಡಿಸಿಕೊಂಡವರು ಲಡಾಖಿಗಳು. ಅಲ್ಲಿ ಬೀಡುಬಿಟ್ಟ ಸೈನಿಕರು ಹೆಪ್ಪುಗಟ್ಟಿದ ಕೊಳಗಳ ಮೇಲೆ ಆಡುತ್ತಿದ್ದರು, ಊರಿನವರು ನೋಡಿ ಕಲಿತರು. ಸ್ಕೇಟ್ ಎಲ್ಲಿಂದ ತರುವುದು? ಸೇನೆಯ ಹಳೆಯ ಬೂಟಿನ ಅಡಿಗೆ ಕಬ್ಬಿಣದ ಪಟ್ಟಿ ಜೋಡಿಸಿದರು. ಗೋಲ್‌ಕೀಪರ್ ಕಾಲಿಗೆ ಕ್ರಿಕೆಟ್ ಪ್ಯಾಡ್ ಕಟ್ಟಿದ. ಭಾರತದ ಐಸ್ ಹಾಕಿ ಸಂಸ್ಥೆ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯನಾದದ್ದು 1989ರಲ್ಲಿ. ಪುರುಷರ ತಂಡ ಮೊದಲ ಬಾರಿಗೆ ಅಂತರರಾಷ್ಟ್ರೀಯ ಪಂದ್ಯಾವಳಿ ಆಡಿದ್ದು ಅದಕ್ಕೂ ಇಪ್ಪತ್ತು ವರ್ಷದ ಮೇಲೆ, 2009ರಲ್ಲಿ ಅಬುಧಾಬಿಯಲ್ಲಿ.

ಮಹಿಳೆಯರ ತಂಡದ ಕತೆ ಇನ್ನೂ ಗಟ್ಟಿ. 2016ರಲ್ಲಿ ತೈಪೆಯಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಲು ಅವರು ಜನರಿಂದ ಹಣ ಎತ್ತಿ ಹೋಗಬೇಕಾಯಿತು. ಮರುವರ್ಷ ಬ್ಯಾಂಕಾಕ್‌ನಲ್ಲಿ ಇದೇ ಫಿಲಿಪ್ಪೀನ್ಸ್ ವಿರುದ್ಧ 4–3ರಲ್ಲಿ ಮೊದಲ ಗೆಲುವು. 2018ರಲ್ಲಿ ಕೆನಡಾದ ಹೇಯ್ಲಿ ವಿಕನ್‌ಹೈಸರ್, ನಾಲ್ಕು ಒಲಿಂಪಿಕ್ ಚಿನ್ನ ಗೆದ್ದ ಆಟಗಾರ್ತಿ, ಲಡಾಖ್‌ಗೆ ಬಂದು ಈ ಹುಡುಗಿಯರ ಜತೆ ಆಡಿ ಕಲಿಸಿಹೋದರು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ತಂಡಕ್ಕೆ ಕಂಚು ಬಂತು.

ಇದರಲ್ಲಿ ನಮಗೆ ಉಪಯೋಗಕ್ಕೆ ಬರುವ ಪಾಠ ಬೇರೆಯೇ ಇದೆ. ಲಡಾಖ್‌ನಲ್ಲೂ ನೈಸರ್ಗಿಕ ಐಸ್ ಸಿಗುವುದು ವರ್ಷದಲ್ಲಿ ಎರಡು ತಿಂಗಳು, ಹೆಚ್ಚೆಂದರೆ ಸ್ವಲ್ಪ ಮೇಲೆ. ರಾತ್ರಿ ಕೊರೆಯುವ ಚಳಿಯಲ್ಲಿ ನಿಂತು ಪದರದ ಮೇಲೆ ಪದರ ನೀರು ಬಿಟ್ಟು ಅಂಗಳ ಕಟ್ಟುತ್ತಾರೆ, ಫೆಬ್ರವರಿಯ ಬಿಸಿಲಿಗೆ ಅದು ಮೆತ್ತಗಾಗುತ್ತದೆ. ಈಚಿನ ವರ್ಷಗಳಲ್ಲಿ ಚಳಿಯೂ ಮೊದಲಿನಂತೆ ನಂಬಿಗಸ್ಥವಾಗಿಲ್ಲ. ಉಳಿದ ಹತ್ತು ತಿಂಗಳು ಅವರೂ ನಮ್ಮ ಹಾಗೆ ಐಸ್ ಇಲ್ಲದವರೇ. ಲೇಹ್‌ನ ಎನ್‌ಡಿಎಸ್ ಕ್ರೀಡಾಂಗಣದಲ್ಲಿ ಈಗ ಯಂತ್ರದಿಂದ ತಂಪಾಗಿಡುವ ರಿಂಕ್ ಬಂದಿರುವುದು ಆ ಕೊರತೆಯನ್ನು ಸ್ವಲ್ಪ ತುಂಬಿದೆ.

ಹಾಗಾದರೆ ಬೆಂಗಳೂರಿನಲ್ಲೇ ಒಂದು ದೊಡ್ಡ ರಿಂಕ್ ಕಟ್ಟಬಾರದೇಕೆ? ಅಂತರರಾಷ್ಟ್ರೀಯ ಅಳತೆಯದು ಅಲ್ಲಿ ಇಲ್ಲ, ಆಗಬೇಕು. ಆದರೆ ಡೆಹ್ರಾಡೂನ್‌ನ ಅನುಭವ ನೆನಪಿರಲಿ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಅಲ್ಲಿ ಭರ್ಜರಿ ಒಳಾಂಗಣ ರಿಂಕ್ ಎದ್ದಿತು. ಕೂಟ ಮುಗಿಯಿತು, ವಿದ್ಯುತ್ ಮತ್ತು ನಿರ್ವಹಣೆಯ ಖರ್ಚು ಹೊರಲಾರದೆ ವರ್ಷಗಟ್ಟಲೆ ಬೀಗ ಬಿತ್ತು. ಮತ್ತೆ ಜೀವ ಬಂದದ್ದು 2025ರಲ್ಲಿ. ಐಸ್ ಅನ್ನು ಮೈನಸ್ ಐದಾರು ಡಿಗ್ರಿಯಲ್ಲಿ ಹಗಲೂ ರಾತ್ರಿ ಹಿಡಿದಿಡುವುದು ತಮಾಷೆಯಲ್ಲ. ಇಡೀ ನಾಡಿಗೆ ಶರಾವತಿಯ ಬೆಳಕು ಕೊಟ್ಟ ಜಿಲ್ಲೆ ನಮ್ಮದಾದರೂ ಆ ಕರೆಂಟ್ ಬಿಲ್ಲು ಯಾವ ತಾಲ್ಲೂಕು ಕೇಂದ್ರಕ್ಕೂ ತಾಳುವಂಥದ್ದಲ್ಲ. ಆಡುವ ಮಕ್ಕಳ ಪಡೆ ಮೊದಲು ಇರಬೇಕು, ಐಸ್ ಆಮೇಲೆ ಬರಬೇಕು.

ಕಾಲು ಮೊದಲು, ಕೋಲು ಆಮೇಲೆ

ಐಸ್ ಹಾಕಿಯ ಅಭ್ಯಾಸ ಎಂದರೆ ಕೋಲು ಬೀಸುವುದು ಎಂದು ಹೊರಗಿನವರು ಎಣಿಸುತ್ತಾರೆ. ತರಬೇತುದಾರರು ಹೊಸ ಮಗುವಿಗೆ ಕೋಲನ್ನು ತಡವಾಗಿ ಕೊಡುತ್ತಾರೆ. ಮೊದಲು ಕಲಿಸುವುದು ಬೀಳುವುದನ್ನು. ಮಂಡಿ ಬಾಗಿಸಿ, ಪಕ್ಕಕ್ಕೆ, ಕೈಬೆರಳು ಮುಚ್ಚಿ ಬೀಳಬೇಕು, ಹಿಂದಕ್ಕೆ ಬಿದ್ದು ತಲೆ ಬಡಿದುಕೊಳ್ಳಬಾರದು. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಏಳುವುದು. ಬಿದ್ದೇಳುವ ಭಯ ಹೋದ ಮಗು ಮಾತ್ರ ಮುಂದಿನದನ್ನು ಕಲಿಯಬಲ್ಲದು.

ಸ್ಕೇಟಿನ ಬ್ಲೇಡ್ ಸುಮಾರು ಮೂರು ಮಿಲಿಮೀಟರ್ ದಪ್ಪ. ಅದರ ಅಡಿ ಚಪ್ಪಟೆಯಲ್ಲ. ಉದ್ದಕ್ಕೂ ನಡುವೆ ಒಂದು ಸಣ್ಣ ತಗ್ಗು ಕೊರೆದಿರುತ್ತಾರೆ. ಹಾಗಾಗಿ ಒಂದೊಂದು ಬ್ಲೇಡಿಗೂ ಎರಡು ಅಂಚು, ಒಳಗಿನದು ಮತ್ತು ಹೊರಗಿನದು. ಎರಡು ಕಾಲಿಗೆ ಒಟ್ಟು ನಾಲ್ಕು. ಈ ಆಟದ ಕೌಶಲವೆಲ್ಲ ಆ ನಾಲ್ಕು ಅಂಚುಗಳ ಮೇಲೆ ಮೈತೂಕವನ್ನು ಯಾವಾಗ, ಎಷ್ಟು ಹಾಕಬೇಕೆಂಬ ಅರಿವಿನಲ್ಲಿದೆ. ಮುಂದಕ್ಕೆ ಹೋಗಲು ಒಳ ಅಂಚಿನಿಂದ ಪಕ್ಕಕ್ಕೆ ಒತ್ತಬೇಕು. ತಿರುವಿನಲ್ಲಿ ಒಂದು ಕಾಲಿನ ಒಳ ಅಂಚು, ಇನ್ನೊಂದರ ಹೊರ ಅಂಚು ಕೆಲಸ ಮಾಡುತ್ತವೆ, ಒಂದು ಕಾಲು ಇನ್ನೊಂದನ್ನು ದಾಟಿ ಮುಂದೆ ಬರುತ್ತದೆ. ಇದಕ್ಕೆ ಕ್ರಾಸ್‌ಓವರ್ ಎನ್ನುತ್ತಾರೆ. ಹಿಂದುಹಿಂದಕ್ಕೆ ಸ್ಕೇಟ್ ಮಾಡುವುದು ರಕ್ಷಣಾ ಆಟಗಾರನಿಗೆ ಮುಂದಕ್ಕೆ ಹೋಗುವಷ್ಟೇ ಮುಖ್ಯ, ಏಕೆಂದರೆ ಎದುರಾಳಿಗೆ ಬೆನ್ನು ತೋರಿಸಿದರೆ ಕೆಟ್ಟಿತು. ನಿಲ್ಲುವುದಂತೂ ದೊಡ್ಡ ವಿದ್ಯೆ. ಪೂರ್ತಿ ವೇಗದಲ್ಲಿ ಬಂದು ಎರಡೂ ಕಾಲನ್ನು ಅಡ್ಡಕ್ಕೆ ತಿರುಗಿಸಿ, ಐಸ್‌ನ ಮೇಲ್ಪದರವನ್ನು ಹೆರೆಯುತ್ತ ನಿಲ್ಲುತ್ತಾರೆ. ಚಿಕ್ಕ ಮಕ್ಕಳು ಮೊದಲು ಪಾದದ ಮುಂಭಾಗವನ್ನು ಒಳಕ್ಕೆ ತಿರುಗಿಸಿ ನಿಲ್ಲುವುದನ್ನು ಕಲಿಯುತ್ತಾರೆ, ಅಡ್ಡ ನಿಲುಗಡೆ ಆಮೇಲೆ ಬರುತ್ತದೆ. ಬ್ಲೇಡಿಗೆ ಆಗಾಗ ಸಾಣೆ ಬೇಕು. ನಮ್ಮೂರಲ್ಲಿ ಕತ್ತಿಗೆ ಸಾಣೆ ಹಿಡಿಯುವವರಿಗೆ ಕೊಟ್ಟೀರಿ ಮತ್ತೆ! ಆ ತಗ್ಗು ಉಳಿಸಿ ಸಾಣೆ ಹಿಡಿಯಲು ಬೇರೆ ಯಂತ್ರವೇ ಇದೆ.

ಇದರಲ್ಲಿ ಚಕ್ರದ ಮೇಲೆ ಕಲಿಯಬಹುದಾದದ್ದು ಎಷ್ಟು? ಬಹಳಷ್ಟು. ಆ ಚಕ್ರದ ಬೂಟಿನ ಹುಟ್ಟೇ ಇದಕ್ಕೆ ಸಾಕ್ಷಿ. 1980ರ ಹೊತ್ತಿಗೆ ಅಮೆರಿಕದ ಮಿನೆಸೋಟದಲ್ಲಿ ಸ್ಕಾಟ್ ಮತ್ತು ಬ್ರೆನನ್ ಓಲ್ಸನ್ ಎಂಬ ಅಣ್ಣತಮ್ಮಂದಿರು ಹಳೆಯ ಕ್ರೀಡಾಸಾಮಗ್ರಿಗಳ ನಡುವೆ ಒಂದು ಇನ್‌ಲೈನ್ ಸ್ಕೇಟ್ ಕಂಡರು. ಇಬ್ಬರೂ ಐಸ್ ಹಾಕಿ ಆಡುವವರು. ಬೇಸಿಗೆಯಲ್ಲಿ ಅಭ್ಯಾಸಕ್ಕಾಗುತ್ತದೆಂದು ಅದನ್ನು ಹಾಕಿ ಬೂಟಿಗೆ ಜೋಡಿಸಿ ಸುಧಾರಿಸಿದರು. ರೋಲರ್‌ಬ್ಲೇಡ್ ಎಂಬ ಹೆಸರಿನಲ್ಲಿ ಅದು ಜಗತ್ತಿನ ಬೀದಿಗಳಿಗೆ ಬಂತು. ಐಸ್ ಇಲ್ಲದ ದಿನಗಳಲ್ಲಿ ಐಸ್ ಹಾಕಿಯವರು ಕಾಲು ಪಳಗಿಸಲೆಂದೇ ರೂಪುಗೊಂಡ ಸಾಧನ ಅದು.

ಪಕ್ಕಕ್ಕೆ ಒತ್ತುವ ನಡೆ, ಬಾಗಿದ ಮಂಡಿ, ಒಂಟಿ ಕಾಲಿನ ಸಮತೋಲ, ಕ್ರಾಸ್‌ಓವರ್, ಹಿಂದಕ್ಕೆ ಹೋಗುವುದು, ತಲೆ ಎತ್ತಿ ಆಡುವುದು, ಜತೆಯವರಿಗೆ ಪಕ್ ದಾಟಿಸುವುದು, ಇವೆಲ್ಲ ಚಕ್ರದಿಂದ ಐಸ್‌ಗೆ ನೇರವಾಗಿ ಹೋಗುತ್ತವೆ. ಹೋಗದೆ ಉಳಿಯುವುದು ಮುಖ್ಯವಾಗಿ ನಿಲ್ಲುವ ವಿದ್ಯೆ. ಚಕ್ರ ನೆಲವನ್ನು ಕಚ್ಚುತ್ತದೆ, ಅಡ್ಡಕ್ಕೆ ಜಾರುವುದಿಲ್ಲ. ಒಂದು ಕಾಲನ್ನು ಹಿಂದೆ ಅಡ್ಡಲಾಗಿ ಎಳೆದು ವೇಗ ತಗ್ಗಿಸಬೇಕು. ಐಸ್‌ಗೆ ಬಂದ ಚಕ್ರದ ಹುಡುಗರು ಮೊದಮೊದಲು ಗೋಡೆಗೆ ಹೋಗಿ ಬಡಿಯುವುದು ಇದಕ್ಕೇ. ಅಂಚಿನ ಸೂಕ್ಷ್ಮವನ್ನೂ ಬ್ಲೇಡಿನ ಮೇಲೇ ಕಲಿಯಬೇಕು. ಆದರೆ ಕಾಲು ಆಗಲೇ ಪಳಗಿರುವುದರಿಂದ ಆ ಬದಲಾವಣೆ ವಾರಗಳ ಕೆಲಸ, ವರ್ಷಗಳದ್ದಲ್ಲ.

ಒಂದು ಎಚ್ಚರಿಕೆ. ನಮ್ಮ ಪೇಟೆಗಳಲ್ಲಿ ಮಕ್ಕಳಿಗೆ ಮೊದಲು ಸಿಗುವುದು ಮುಂದೆ ಎರಡು, ಹಿಂದೆ ಎರಡು ಚಕ್ರವಿರುವ ಹಳೆಯ ಮಾದರಿಯ ಸ್ಕೇಟು. ಬೂಟಿನ ಮೇಲೆ ಕಟ್ಟಿಕೊಳ್ಳುವಂಥದ್ದು, ಅಗ್ಗ. ಆರೇಳು ವರ್ಷದ ಮಗುವಿಗೆ ಅದು ಸಾಕು. ಐಸ್ ಹಾಕಿಯೇ ಗುರಿಯಾದರೆ ಎಂಟರ ಹೊತ್ತಿಗೆ ಸಾಲು ಚಕ್ರಕ್ಕೆ ಬರಬೇಕು, ಪಾದದ ಗಂಟು ಅದಕ್ಕೆ ಹೊಂದಿಕೊಳ್ಳಲು ಕಾಲ ಬೇಕು. ಬೆಳೆಯುವ ಕಾಲೆಂದು ಎರಡು ಅಳತೆ ದೊಡ್ಡದನ್ನು ಕೊಡಿಸಬೇಡಿ. ಶಾಲೆಯ ಬೂಟಿಗೆ ನಡೆಯುವ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಬೂಟಿನೊಳಗೆ ಪಾದ ಅಲುಗಿದರೆ ಕಲಿಕೆಯೇ ಕೆಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಚಕ್ರದ ಬೇರಿಂಗ್ ತುಕ್ಕು ಹಿಡಿಯುವುದೂ ಖಾತ್ರಿ. ಒದ್ದೆ ನೆಲದಲ್ಲಿ ಆಡಿಸಬಾರದು, ಆಡಿದ್ದರೆ ಅಂದೇ ಒರೆಸಿ ಎಣ್ಣೆ ಬಿಡಬೇಕು.

ಕೊಡಗಿನ ಕೋಲು, ಕೆನಡಾದ ಕೋಲು

ಕೋಲಿನ ವಿಷಯಕ್ಕೆ ಬಂದರೆ ಕನ್ನಡನಾಡಿನಲ್ಲಿ ಹಾಕಿ ಎಂದ ಕೂಡಲೇ ಕೊಡಗು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎಸ್.ವಿ. ಸುನಿಲ್ ಬಂದದ್ದು ಅಲ್ಲಿಂದ. ಆ ಕೌಶಲ ಇಲ್ಲಿ ಉಪಯೋಗಕ್ಕೆ ಬರುತ್ತದೆಯೆ? ಅರ್ಧ ಬರುತ್ತದೆ. ಮೈದಾನದ ಹಾಕಿಯಲ್ಲಿ ಕೋಲಿನ ಚಪ್ಪಟೆ ಬದಿಯಲ್ಲಿ ಮಾತ್ರ ಚೆಂಡು ಮುಟ್ಟಬೇಕು, ಎಡಗೈಯವರಿಗೂ ಬಲಗೈ ಕೋಲೇ. ಐಸ್ ಹಾಕಿಯಲ್ಲಿ ಕೋಲಿನ ತುದಿಯ ಎರಡೂ ಬದಿ ಬಳಸಬಹುದು, ಎಡ ಬಲ ಎರಡೂ ಬಗೆಯ ಕೋಲು ಸಿಗುತ್ತದೆ. ಕೋಲು ಉದ್ದ. ಸ್ಕೇಟ್ ಹಾಕಿ ನಿಂತಾಗ ಹೆಚ್ಚುಕಡಿಮೆ ಗದ್ದದ ಮಟ್ಟಕ್ಕೆ ಬರಬೇಕು. ಸೊಂಟ ಬಗ್ಗಿಸುವ ಬದಲು ಮಂಡಿ ಬಾಗಿಸಿ ಕೂರುವ ಭಂಗಿಯಲ್ಲಿ ಆಡಬೇಕು. ಎದುರಾಳಿಯನ್ನು ವಂಚಿಸುವುದು, ಖಾಲಿ ಜಾಗ ಹುಡುಕುವುದು, ಜತೆಯವನು ಎಲ್ಲಿರುತ್ತಾನೆಂದು ಮೊದಲೇ ಊಹಿಸುವುದು ಎರಡರಲ್ಲೂ ಒಂದೇ.

ಕೈಚಳಕಕ್ಕೆ ಐಸ್ ಬೇಡವೇ ಬೇಡ. ಜಗತ್ತಿನ ದೊಡ್ಡ ಆಟಗಾರರೂ ಮನೆಯ ಗ್ಯಾರೇಜಿನಲ್ಲಿ ಮರದ ಚೆಂಡೋ ಗಾಲ್ಫ್ ಚೆಂಡೋ ಇಟ್ಟುಕೊಂಡು, ಕಣ್ಣು ಎದುರಿನ ಗೋಡೆಯ ಮೇಲಿಟ್ಟು ಕೋಲಾಡಿಸುತ್ತಾರೆ. ಅಡಿಕೆ ಒಣಹಾಕುವ ಸಿಮೆಂಟು ಅಂಗಳ ಇದಕ್ಕೆ ಒಳ್ಳೆಯ ಜಾಗ. ದಿನಕ್ಕೆ ಕಾಲು ಗಂಟೆ, ತಪ್ಪದೆ. ಮೊದಲು ಎಡಕ್ಕೂ ಬಲಕ್ಕೂ ಚಿಕ್ಕದಾಗಿ, ಆಮೇಲೆ ಕೈ ಚಾಚಿದಷ್ಟು ಅಗಲಕ್ಕೆ, ಕೊನೆಗೆ ನೆಲಕ್ಕೆ ಕಣ್ಣು ಹಾಕದೆಯೇ. ಕೆಳಗೆ ನೋಡುತ್ತ ಆಡುವವನಿಗೆ ಈ ಆಟದಲ್ಲಿ ಪೆಟ್ಟು ತಪ್ಪಿದ್ದಲ್ಲ.

ಕೊಡಗಿನಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಕೋಲಿಗೆ ಸಂಬಂಧಿಸಿದ್ದಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳು ಆಡಿದವು. ಅಜ್ಜ, ಮೊಮ್ಮಗಳು, ಸೊಸೆ ಒಂದೇ ತಂಡದಲ್ಲಿ. ಅಕಾಡೆಮಿ ಕಟ್ಟಿದ ಮಾತ್ರಕ್ಕೆ ಆಟ ಊರಿನದಾಗುವುದಿಲ್ಲ. ಹಬ್ಬದ ಪಂಚಾಂಗದಲ್ಲಿ ಅದಕ್ಕೊಂದು ದಿನ ಸಿಗಬೇಕು. ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಹಬ್ಬಕ್ಕೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಸೇರುವ ಜನವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ವಯಸ್ಸಿಗೆ ಎಷ್ಟು

ಕೆನಡಾದಲ್ಲಿ ನಾಲ್ಕೈದು ವರ್ಷಕ್ಕೇ ಮಕ್ಕಳು ಸ್ಕೇಟ್ ಹಾಕುತ್ತಾರೆ. ಹಾಗೆಂದು ಬೇಗ ಬೇಗ ಪಂದ್ಯಕ್ಕೆ ದೂಡುವುದು ತಪ್ಪು ಎಂಬ ತಿಳಿವಳಿಕೆ ಈಗ ಅಲ್ಲೂ ಬಂದಿದೆ. ಅಮೆರಿಕದ ಹಾಕಿ ಸಂಸ್ಥೆ 2009ರಲ್ಲಿ ಮಕ್ಕಳ ತರಬೇತಿಯ ಕ್ರಮವನ್ನೇ ಬದಲಿಸಿತು. ಎಂಟು ವರ್ಷದ ಒಳಗಿನವರು ಪೂರ್ತಿ ರಿಂಕ್‌ನಲ್ಲಿ ಆಡುವುದಿಲ್ಲ, ಅದನ್ನು ಅಡ್ಡಕ್ಕೆ ತುಂಡು ಮಾಡಿ ಚಿಕ್ಕ ಅಂಗಳದಲ್ಲಿ ಆಡುತ್ತಾರೆ. ಚಿಕ್ಕ ಜಾಗದಲ್ಲಿ ಪ್ರತಿ ಮಗುವಿಗೂ ಪಕ್ ಹೆಚ್ಚು ಸಲ ಸಿಗುತ್ತದೆ, ನಿರ್ಧಾರ ಬೇಗ ಮಾಡಬೇಕಾಗುತ್ತದೆ. ಮೈಗೆ ಮೈ ಡಿಕ್ಕಿ ಹೊಡೆಯುವ ಆಟವನ್ನು ಅಲ್ಲಿ 2011ರಿಂದ ಹದಿಮೂರು ಹದಿನಾಲ್ಕರ ವಯೋಮಾನಕ್ಕೆ ಮುಂದೂಡಿದ್ದಾರೆ. ಹನ್ನೆರಡರವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ, ಬೇರೆ ಆಟಗಳನ್ನೂ ಆಡಿಸಿ ಎಂಬುದು ಈ ಕ್ರಮದ ತಿರುಳು. ನಮ್ಮ ಮಗು ಖೊ ಖೊ, ಕಬಡ್ಡಿ, ವಾಲಿಬಾಲ್ ಆಡಿಕೊಂಡೇ ಚಕ್ರ ಹತ್ತಲಿ. ಖೊ ಖೊದಲ್ಲಿ ಥಟ್ಟನೆ ದಿಕ್ಕು ಬದಲಿಸುವ ಕಾಲು ಐಸ್‌ನಲ್ಲೂ ಚುರುಕಾಗಿಯೇ ಇರುತ್ತದೆ.

ಹನ್ನೆರಡರ ಮೇಲೆ ಕಸರತ್ತು ಬೇಕು. ಒಂಟಿ ಕಾಲಿನ ಬೈಠಕ್, ಪಕ್ಕಕ್ಕೆ ಜಿಗಿದು ಒಂದೇ ಕಾಲಿನ ಮೇಲೆ ನಿಲ್ಲುವುದು, ತೊಡೆಸಂದು ಸಡಿಲಗೊಳಿಸುವ ಆಸನಗಳು, ಹೊಟ್ಟೆ ಬೆನ್ನಿನ ಬಲ. ದೂರದ ಓಟ ಇಲ್ಲಿ ಅಷ್ಟು ಉಪಯೋಗಕ್ಕಿಲ್ಲ, ಮುಕ್ಕಾಲು ನಿಮಿಷದ ಓಟ, ಎರಡು ನಿಮಿಷದ ವಿಶ್ರಾಂತಿ, ಮತ್ತೆ ಓಟ ಎಂಬ ಲೆಕ್ಕವೇ ಸರಿ. ಗೋಲ್‌ಕೀಪರ್ ಆಗುವವರ ದಾರಿ ಸ್ವಲ್ಪ ಬೇರೆ. ಎರಡೂ ಮಂಡಿ ನೆಲಕ್ಕಿಟ್ಟು ಮೊಣಕಾಲ ಕೆಳಗಿನ ಭಾಗವನ್ನು ಎರಡು ಬದಿಗೆ ಹರಡುವ ಭಂಗಿ ಅವರದು, ಅದಕ್ಕೆ ಸೊಂಟದ ಕೀಲು ಬಾಲ್ಯದಿಂದಲೇ ಸಡಿಲವಾಗಿರಬೇಕು.

ರಕ್ಷಣೆಯ ಸಾಮಾನಿನಲ್ಲಿ ಚೌಕಾಸಿ ಬೇಡ. ಹೆಲ್ಮೆಟ್, ಅದರ ಮುಂದೆ ಪೂರ್ತಿ ಜಾಲರಿ, ಮಂಡಿ ಮೊಣಕೈಗೆ ಕವಚ, ಕೈಗವಸು, ಹಲ್ಲಿಗೆ ಗಾರ್ಡ್. ಐಸ್ ಮೇಲೆ ಹೋಗುವಾಗ ಕುತ್ತಿಗೆ ಪಟ್ಟಿಯೂ ಬೇಕು. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪಂದ್ಯದ ನಡುವೆ ಇನ್ನೊಬ್ಬರ ಸ್ಕೇಟ್ ಕುತ್ತಿಗೆಗೆ ತಗುಲಿ ಆಡಂ ಜಾನ್ಸನ್ ಎಂಬ ವೃತ್ತಿಪರ ಆಟಗಾರ ಸತ್ತ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ಕಡ್ಡಾಯ ಮಾಡಿತು.

ಇಷ್ಟೆಲ್ಲ ಮಾಡಿ ಮುಂದೇನು ಎಂದು ಕೇಳುವ ತಂದೆತಾಯಿಗೆ ಸುಳ್ಳು ಹೇಳಬಾರದು. ಭಾರತದ ತಂಡದಲ್ಲಿ ಬಹುತೇಕರು ಲಡಾಖ್‌ನವರು, ಜತೆಗೆ ಹಿಮಾಚಲದವರು. ಸೇನೆ ಮತ್ತು ಗಡಿ ಕಾಯುವ ಐಟಿಬಿಪಿ ಪಡೆಯ ತಂಡಗಳೇ ದೇಶದ ಬಲಿಷ್ಠ ತಂಡಗಳು, ಈ ಆಟದಿಂದ ಕೆಲಸ ಸಿಗುವ ದಾರಿಯೂ ಮುಖ್ಯವಾಗಿ ಅದೇ. ಪೂರ್ತಿ ಐಸ್ ಹಾಕಿ ಸಾಮಗ್ರಿಗೆ ಹತ್ತಾರು ಸಾವಿರ ಬೇಕು. ಚಳಿಗಾಲದಲ್ಲಿ ಲೇಹ್‌ಗೆ ಹೋಗಲು ಬಹುಮಟ್ಟಿಗೆ ವಿಮಾನವೇ ಗತಿ. ಇಳಿದ ಮೇಲೆ 3500 ಮೀಟರ್ ಎತ್ತರದ ತೆಳುಗಾಳಿಗೆ ಒಗ್ಗಲು ಎರಡು ಮೂರು ದಿನ ಸುಮ್ಮನೆ ಕೂರಬೇಕು. ಆದ್ದರಿಂದ ಅಡಿಕೆ ಮಾರಿದ ದುಡ್ಡನ್ನು ನೇರ ಶಿಬಿರಕ್ಕೆ ಸುರಿಯುವುದು ಜಾಣತನವಲ್ಲ. ಮಗು ಎರಡು ವರ್ಷ ಚಕ್ರದ ಮೇಲೆ ಬೇಸರವಿಲ್ಲದೆ ಆಡಿದರೆ ಆಮೇಲೆ ಮೂರು ವಾರ ಲೇಹ್‌ಗೆ ಕಳಿಸುವ ಯೋಚನೆ ಮಾಡಿ. ಐಸ್ ಹಾಕಿ ಕೈಕೊಟ್ಟರೂ ನಷ್ಟವಿಲ್ಲ. ಶಾಲಾ ಕ್ರೀಡಾಕೂಟಗಳಲ್ಲಿ ರೋಲರ್ ಸ್ಕೇಟಿಂಗ್ ಇದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯಾ ಕ್ರೀಡಾಕೂಟದಲ್ಲಿ ಭಾರತದ ಪುರುಷರೂ ಮಹಿಳೆಯರೂ ಚಕ್ರದ ಸ್ಕೇಟಿಂಗ್ ರಿಲೇಯಲ್ಲಿ ಕಂಚು ಗೆದ್ದರು. ರೋಲರ್ ಹಾಕಿ, ಇನ್‌ಲೈನ್ ಹಾಕಿಗೂ ರಾಷ್ಟ್ರಮಟ್ಟದ ಸ್ಪರ್ಧೆಗಳಿವೆ.

ನೆಲ ಎಲ್ಲಿದೆ?

ಚಕ್ರದ ಹಾಕಿಗೆ 40 ಮೀಟರ್ ಉದ್ದ, 20 ಮೀಟರ್ ಅಗಲದ ನೆಲ ಸಾಕು. ಹೆಚ್ಚುಕಡಿಮೆ ಎಂಟು ಗುಂಟೆ. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ ಸುತ್ತ ಭತ್ತ, ಮೆಕ್ಕೆಜೋಳ ಒಣಹಾಕುವ ಸಿಮೆಂಟು ಕಣಗಳನ್ನು ನೋಡಿದವರಿಗೆ ಅದೆಷ್ಟು ಎಂಬ ಅಂದಾಜು ಇರುತ್ತದೆ. ಆದರೆ ಆ ಕಣಗಳು ತರಿತರಿ, ಬಿರುಕು ಬಿಟ್ಟವು. ಚಕ್ರಕ್ಕೆ ನುಣ್ಣಗಿನ ಕರಣೆ ಕೆಲಸದ ಒಂದೇ ಮಟ್ಟದ ನೆಲ ಬೇಕು, ನೀರು ನಿಲ್ಲಬಾರದು, ಕೂಡುಗೆರೆಗಳು ಉಬ್ಬಿರಬಾರದು. ಸುತ್ತ ಮಂಡಿಯೆತ್ತರದ ಹಲಗೆ ಇದ್ದರೆ ಪಕ್ ಹೊರಗೆ ಹೋಗುವುದಿಲ್ಲ, ಗೋಡೆಗೆ ಹೊಡೆದು ಆಡುವ ಐಸ್ ಹಾಕಿಯ ಚತುರತೆಯೂ ಬರುತ್ತದೆ. ಮೇಲೊಂದು ತಗಡಿನ ಸೂರು ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರಲ್ಲಿ ಪಾಚಿ ಮಾತ್ರ ಬೆಳೆದೀತು.

ಇದು ಬರೀ ಸ್ಕೇಟಿಂಗಿನವರ ಆಸ್ತಿಯೂ ಆಗಬೇಕಿಲ್ಲ. ಹ್ಯಾಂಡ್‌ಬಾಲ್ ಅಂಗಳದ ಅಳತೆ ಇದೇ 40×20, ಒಳಾಂಗಣ ಫುಟ್ಬಾಲ್ ಆದ ಫುಟ್ಸಾಲ್‌ಗೂ ಅದೇ ಹೊಂದುತ್ತದೆ. ಮ್ಯಾಟ್ ಹಾಸಿದರೆ ಕಬಡ್ಡಿ. ಊರಿಗೊಂದು ಸಮುದಾಯ ಭವನ ಕಟ್ಟಿ ವರ್ಷಕ್ಕೆ ಹತ್ತು ಮದುವೆ ಮಾಡಿಸುವುದಕ್ಕಿಂತ ಈ ಸೂರು ಹೆಚ್ಚು ದಿನ ಬಳಕೆಯಾಗುತ್ತದೆ. ಹಣದ ದಾರಿ ಹೊಸದೇನಲ್ಲ. ರಾಜ್ಯದಲ್ಲಿ ನರೇಗಾ ಕೆಲಸವಾಗಿ ಶಾಲಾ ಆಟದಂಗಣಗಳು ಎದ್ದಿವೆ, ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ ಇದೆ. ಸೂರು, ನೆಲ ಆದ ಮೇಲೆ ಬೇಕಾದದ್ದು ಶಾಲೆಯ ಸ್ವತ್ತಾಗಿ ಇಪ್ಪತ್ತು ಜೊತೆ ಸಾಲು ಚಕ್ರದ ಬೂಟು ಮತ್ತು ಕಲಿಸಲು ಕಲಿತ ಒಬ್ಬ ದೈಹಿಕ ಶಿಕ್ಷಕ. ಬೂಟು ಒಬ್ಬರಿಂದ ಒಬ್ಬರಿಗೆ ಹೋಗಲಿ. ಲಡಾಖ್‌ನ ಮಕ್ಕಳೂ ಒಂದೇ ಜೊತೆ ಸ್ಕೇಟನ್ನು ಸರದಿಯಲ್ಲಿ ಹಾಕಿಕೊಂಡು ಕಲಿತವರೇ.

ಮುಂದಿನ ಸಲ ನಿಮ್ಮೂರ ಶಾಲೆಯ ಅಂಗಳಕ್ಕೆ ಸಿಮೆಂಟು ಹಾಕಿಸುವ ಮಾತು ಎಸ್‌ಡಿಎಂಸಿ ಸಭೆಗೆ ಬಂದಾಗ, ಅಂದಾಜುಪಟ್ಟಿ ಮಾಡುವ ಎಂಜಿನಿಯರ್ ಬಳಿ ಮೂರು ವಿಷಯ ಕೇಳಿ ಬರೆಸಿಕೊಳ್ಳಿ: 40×20 ಅಳತೆ, ನುಣ್ಣಗಿನ ಮೇಲ್ಮೈ, ಮೇಲೆ ತಗಡಿನ ಸೂರು.